ಸಣ್ಣ ಹೆಗಲಿಗೆ ಯಾವ ಬ್ಯಾಗ್, ಸಣ್ಣ ಕೈಗೆ ಯಾವ ಡಬ್ಬಿ?

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಧಾರವಾಡದ ಸುಭಾಷ್ ರಸ್ತೆಯಲ್ಲಿ ಬ್ಯಾಗಿನ ಅಂಗಡಿಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಅಪ್ಪ-ಅಮ್ಮ ಕೇಳುವುದು ಒಂದೇ ಮಾತು: "ಗಟ್ಟಿ ಐತೇನ್ರೀ?" ಅಂಗಡಿಯವರ ಉತ್ತರವೂ ಒಂದೇ: "ಮೂರು ವರ್ಷ ಏನೂ ಆಗೂದಿಲ್ರೀ." ಗಟ್ಟಿ ಇರಬೇಕು, ನಿಜ. ಆದರೆ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಕೊಳ್ಳುವಾಗ ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ. ಈ ಬ್ಯಾಗನ್ನು ಮಗು ತಾನೇ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತದಾ? ಈ ಡಬ್ಬಿಯನ್ನು ತಾನೇ ತೆಗೆದು, ಉಂಡು, ಮತ್ತೆ ಮುಚ್ಚುತ್ತದಾ?

ನಾನು ಸಣ್ಣ ಮಕ್ಕಳಿಗೆ ಪಾಠ ಮಾಡುವವಳು. ಊಟದ ಬೆಲ್ ಆದ ಕೂಡಲೇ ನನ್ನ ಮೇಜಿನ ಮುಂದೆ ಸಾಲು ನಿಲ್ಲುತ್ತದೆ. "ಟೀಚರ್, ತೆಗೆದು ಕೊಡ್ರಿ." ಕೆಲವು ಡಬ್ಬಿಗಳನ್ನು ತೆಗೆಯಲು ನನಗೇ ಕಷ್ಟ. ನಾಚಿಕೆ ಸ್ವಭಾವದ ಮಕ್ಕಳು ಕೇಳುವುದೂ ಇಲ್ಲ. ಎರಡು ಸಲ ಎಳೆದು ನೋಡಿ, ಬಿಸ್ಕತ್ತು ತಿಂದು, ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿಬಿಡುತ್ತಾರೆ. ಸಂಜೆ ಮನೆಯಲ್ಲಿ "ಯಾಕ ಉಂಡಿಲ್ಲ?" ಎಂದು ಬೈಗುಳ. ದುಡ್ಡು ಕೊಟ್ಟು ತಂದ, ನಿಜಕ್ಕೂ ಗಟ್ಟಿಯಾದ ಡಬ್ಬಿಯೇ ಮಗುವನ್ನು ಉಪವಾಸ ಕೆಡವಿರುತ್ತದೆ.

ಮೊದಲು ತೂಕದ ಲೆಕ್ಕ

ಕೇಂದ್ರ ಸರ್ಕಾರದ 2020ರ ಸ್ಕೂಲ್ ಬ್ಯಾಗ್ ನೀತಿ ಹೇಳುವುದು ಇಷ್ಟು: ತುಂಬಿದ ಬ್ಯಾಗಿನ ತೂಕ ಮಗುವಿನ ತೂಕದ ಶೇಕಡಾ 10ನ್ನು ದಾಟಬಾರದು. ಅಂಗನವಾಡಿ, ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಬ್ಯಾಗೇ ಬೇಡ. ನಮ್ಮ ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲಿ ಆದೇಶ ಮಾಡಿ, 2023ರಲ್ಲಿ ಮತ್ತೆ ನೆನಪಿಸಿದ ಪ್ರಕಾರ 1 ಮತ್ತು 2ನೇ ತರಗತಿಗೆ ಒಂದೂವರೆಯಿಂದ 2 ಕೆ.ಜಿ., 3ರಿಂದ 5ನೇ ತರಗತಿಗೆ 2ರಿಂದ 3 ಕೆ.ಜಿ. ಮಾತ್ರ ಇರಬೇಕು.

ಈಗ ಒಂದನೇ ತರಗತಿಯ ಮಗುವಿನ ಲೆಕ್ಕ ಹಾಕಿ. ಮಗುವಿನ ತೂಕ 19 ಕೆ.ಜಿ. ಎಂದುಕೊಳ್ಳೋಣ. ಹೊರಬಹುದಾದದ್ದು 1 ಕೆ.ಜಿ. 900 ಗ್ರಾಂ. ದಪ್ಪ ಸ್ಪಂಜು, ನಾಲ್ಕು ಖಾನೆ ಇರುವ "ಗಟ್ಟಿ" ಬ್ಯಾಗು ಖಾಲಿ ಇದ್ದಾಗಲೇ 800 ಗ್ರಾಂ ತೂಗುತ್ತದೆ. ಅರ್ಧ ಲೀಟರ್ ನೀರು ತುಂಬಿದ ಸ್ಟೀಲ್ ಬಾಟಲಿ ಸುಮಾರು 700 ಗ್ರಾಂ. ಎರಡು ಚಪಾತಿ, ಪಲ್ಯ ಹಾಕಿದ ಸ್ಟೀಲ್ ಡಬ್ಬಿ 450 ಗ್ರಾಂ. ಕೂಡಿಸಿದರೆ 1 ಕೆ.ಜಿ. 950 ಗ್ರಾಂ. ಇನ್ನೂ ಒಂದು ಪುಸ್ತಕವೂ ಒಳಗೆ ಹೋಗಿಲ್ಲ!

ಪುಸ್ತಕದ ತೂಕ ನಮ್ಮ ಕೈಯಲ್ಲಿಲ್ಲ, ಅದು ಶಾಲೆಯ ಕೈಯಲ್ಲಿದೆ. ಬ್ಯಾಗು, ಡಬ್ಬಿ, ಬಾಟಲಿ ಮೂರೂ ನಮ್ಮ ಕೈಯಲ್ಲಿವೆ. ಬ್ಯಾಗನ್ನು 400 ಗ್ರಾಂಗೆ ಇಳಿಸಿ, ಶಾಲೆಯಲ್ಲಿ ಕುಡಿಯುವ ನೀರಿದ್ದರೆ ಬಾಟಲಿಯನ್ನು ಅರ್ಧ ಮಾತ್ರ ತುಂಬಿಸಿದರೂ ಅರ್ಧ ಕೆ.ಜಿ.ಗಿಂತ ಜಾಸ್ತಿ ಉಳಿಯುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ: ಅಂಗಡಿಯಲ್ಲಿ ಬ್ಯಾಗನ್ನು ಮುಟ್ಟಿ ನೋಡುವ ಮೊದಲು ಎತ್ತಿ ನೋಡಿ. ಆನ್‌ಲೈನಿನಲ್ಲಿ ತರಿಸುವವರು ತೂಕ ಎಷ್ಟು ಎಂದು ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಬಿಟ್ಟುಬಿಡಿ.

ಸರ್ಕಾರಿ ಶಾಲೆಗೆ ಹೋಗುವ ಮಕ್ಕಳಿಗೆ ಈ ಲೆಕ್ಕ ಸ್ವಲ್ಪ ಹಗುರ. ಅಕ್ಷರ ದಾಸೋಹದ ಬಿಸಿಯೂಟ ಅಲ್ಲೇ ಸಿಗುತ್ತದೆ. ಒಂದು ತಟ್ಟೆ, ಒಂದು ಲೋಟ ಒಯ್ದರೆ ಸಾಕು. ಎಷ್ಟೋ ಶಾಲೆಗಳಲ್ಲಿ ಅದೂ ಬೇಕಿಲ್ಲ. ಇಂಥವರು ಡಬ್ಬಿಯ ಭಾಗ ಬಿಟ್ಟು ಬ್ಯಾಗಿನ ಭಾಗ ಓದಿದರೆ ಆಯಿತು.

ಬಟ್ಟೆಗಿಂತ ಮೊದಲು ಹೊಲಿಗೆ ನೋಡಿ

ಬ್ಯಾಗ್ ಕೊಳ್ಳುವಾಗ ಎಲ್ಲರೂ ಬಟ್ಟೆ ಹಿಡಿದು ಎಳೆದು ನೋಡುತ್ತಾರೆ. ಮಕ್ಕಳ ಬ್ಯಾಗಿನಲ್ಲಿ ಬಟ್ಟೆ ಹರಿಯುವುದು ಅಪರೂಪ. ಹೊಲಿಗೆ ಬಿಚ್ಚುತ್ತದೆ, ಚೈನು ಕೆಡುತ್ತದೆ. ಅದರಲ್ಲೂ ಮೊದಲು ಬಿಡುವ ಜಾಗ ಯಾವುದು ಗೊತ್ತಾ? ಮೇಲಿನ ಸಣ್ಣ ಹಿಡಿಕೆ.

ಯಾಕೆಂದರೆ ನಮ್ಮ ಊರಿನ ಬಹಳಷ್ಟು ಮಕ್ಕಳು ಆಟೋದಲ್ಲಿ ಶಾಲೆಗೆ ಹೋಗುತ್ತಾರೆ. ಒಳಗೆ ಮಕ್ಕಳು, ಹೊರಗೆ ಕೊಂಡಿಗೆ ನೇತುಹಾಕಿದ ಬ್ಯಾಗುಗಳು. ಬ್ಯಾಗಿನ ಇಡೀ ಭಾರ ಆ ಹಿಡಿಕೆಯ ಮೇಲೆ. ರಸ್ತೆಯ ಪ್ರತಿ ತಗ್ಗಿಗೂ ಅದು ಜಗ್ಗುತ್ತದೆ. ಹಿಡಿಕೆಯ ಎರಡೂ ತುದಿ ಬ್ಯಾಗಿನ ಹೊಲಿಗೆಯೊಳಗೆ ಆಳವಾಗಿ ಹೋಗಿರಬೇಕು. ಅಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಓಡಿಸಿದ ದಪ್ಪ ಹೊಲಿಗೆ, ಇಲ್ಲವೇ ಚೌಕದೊಳಗೆ ಅಡ್ಡಗೀಟು ಹಾಕಿದಂಥ ಹೊಲಿಗೆ ಕಾಣಬೇಕು. ಒಂದೇ ಗೆರೆಯ ಹೊಲಿಗೆ ಇದ್ದರೆ ಆ ಬ್ಯಾಗ್ ದೀಪಾವಳಿ ರಜೆಯವರೆಗೆ ಬಂದರೆ ಹೆಚ್ಚು. ಹೆಗಲ ಬೆಲ್ಟಿನ ಮೇಲಿನ ತುದಿ ಮತ್ತು ಕೆಳಗಿನ ತುದಿಗೂ ಇದೇ ಪರೀಕ್ಷೆ.

ಆಮೇಲೆ ಬ್ಯಾಗಿನ ಒಳಗನ್ನು ಹೊರಗೆ ತಿರುವಿ ನೋಡಿ. ಅಂಗಡಿಯವರು ಬೇಡ ಎನ್ನುವುದಿಲ್ಲ. ಒಳಗಿನ ಅಂಚುಗಳಿಗೆ ಪಟ್ಟಿ ಕೊಟ್ಟು ಹೊಲಿದಿದ್ದರೆ ಒಳ್ಳೆಯದು. ದಾರದ ಎಳೆಗಳು ಜೋತಾಡುತ್ತಿದ್ದರೆ, ಅದೇ ಎಳೆ ಚೈನಿಗೆ ಸಿಕ್ಕಿಕೊಂಡು ಮೊದಲು ಚೈನು ಕೆಡುತ್ತದೆ, ಆಮೇಲೆ ಹೊಲಿಗೆ ಬಿಚ್ಚುತ್ತದೆ.

ಬಟ್ಟೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಲೇಬಲ್ಲಿನ ಮೇಲೆ 600ಡಿ, 900ಡಿ, 1680ಡಿ ಎಂದೆಲ್ಲ ಇರುತ್ತದೆ. ಡಿ ಎಂದರೆ ಡೆನಿಯರ್, 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ. ಅಂಕಿ ಹೆಚ್ಚಾದಷ್ಟೂ ದಾರ ದಪ್ಪ, ಬ್ಯಾಗೂ ಭಾರ. ಸಣ್ಣ ಮಕ್ಕಳಿಗೆ 600ಡಿ ಪಾಲಿಯೆಸ್ಟರ್ ಧಾರಾಳ ಸಾಕು. 1680 ಕಾಲೇಜಿನವರಿಗಿರಲಿ. ಕ್ಯಾನ್ವಾಸ್ ಬ್ಯಾಗು ನೋಡಲು ಚೆಂದ, ಬಾಳಿಕೆಯೂ ಇದೆ. ಆದರೆ ಧಾರವಾಡದ ಮಳೆಯಲ್ಲಿ ನೆನೆದರೆ ಭಾರವಾಗುತ್ತದೆ, ಒಣಗಲು ಎರಡು ದಿನ ಬೇಕು. ಗದಗದಂಥ ಒಣ ಊರಿನಲ್ಲಿ ಆದೀತು.

ಚೈನಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ರನ್ನರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ 5, 8, 10 ಎಂಬ ಅಂಕಿ ಇರುತ್ತದೆ, ಅದು ಚೈನಿನ ಸೈಜು. ದೊಡ್ಡ ಖಾನೆಗೆ 8 ಇದ್ದರೆ ನೆಮ್ಮದಿ. ಮೂಲೆಯ ತಿರುವಿನಲ್ಲಿ ರನ್ನರನ್ನು ಒಂದೇ ಕೈಯಿಂದ ಎಳೆದು ನೋಡಿ. ಅಲ್ಲಿ ತಡೆದರೆ ಮಗು ಎರಡೂ ಕೈ ಹಾಕಿ ಜಗ್ಗುತ್ತದೆ, ಹಲ್ಲು ಬಿಡುತ್ತದೆ. ಒಂದು ಖಾನೆಗೆ ಎರಡು ರನ್ನರ್ ಇದ್ದರೆ ಒಂದು ಕೆಟ್ಟಾಗ ಇನ್ನೊಂದರಲ್ಲಿ ಕೆಲಸ ನಡೆಯುತ್ತದೆ. ರನ್ನರ್ ಬದಲಿಸುವ ಬ್ಯಾಗ್ ರಿಪೇರಿಯವರು ಪ್ರತಿ ಪೇಟೆಯಲ್ಲೂ ಇದ್ದಾರೆ, ಖರ್ಚೂ ಸ್ವಲ್ಪವೇ. ಬಿಚ್ಚಿದ ಬೆಲ್ಟನ್ನೂ ಹೊಲಿದು ಕೊಡುತ್ತಾರೆ.

ಈ ಕಾರಣಕ್ಕೇ ಗೊಂಬೆಯ ಮುಖ ಉಬ್ಬಿಸಿದ, ಚಿಪ್ಪಿನಂತೆ ಬಿರುಸಾದ ಬ್ಯಾಗುಗಳು ನನಗೆ ಒಪ್ಪಿಗೆಯಿಲ್ಲ. ಅವು ಒಮ್ಮೆ ಸೀಳಿದರೆ ಸೂಜಿ ಇಳಿಯುವುದಿಲ್ಲ. ಒಳಗೆ ಜಾಗವೂ ಕಡಿಮೆ, ಉದ್ದ ನೋಟ್‌ಬುಕ್ ಮೂಲೆ ಮಡಚಿಕೊಂಡೇ ಕೂರುತ್ತದೆ. ಮಗು ಹಟ ಮಾಡಿದರೆ ಸಾದಾ ಬ್ಯಾಗ್ ಕೊಂಡು, ಅದೇ ಗೊಂಬೆಯ ಕೀಚೈನ್ ತೂಗುಹಾಕಿ ಕೊಡಿ. ಬಹಳ ಮಕ್ಕಳು ಒಪ್ಪುತ್ತಾರೆ. ಗಾಲಿ ಬ್ಯಾಗಂತೂ ಬೇಡವೇ ಬೇಡ. ಖಾಲಿ ಬ್ಯಾಗೇ ಭಾರ, ಮೆಟ್ಟಿಲು ಹತ್ತುವಾಗ ಕೈಯಲ್ಲೇ ಹೊರಬೇಕು, ಮಳೆಗಾಲದಲ್ಲಿ ಗಾಲಿಗೆ ಎರೆಮಣ್ಣು ಮೆತ್ತಿಕೊಂಡರೆ ತಿರುಗುವುದೂ ಇಲ್ಲ.

ಅಳತೆ: ಮುಂದಿನ ವರ್ಷಕ್ಕೂ ಆಗಲಿ ಎನ್ನಬೇಡಿ

ಯೂನಿಫಾರ್ಮನ್ನು ಒಂದು ಸೈಜ್ ದೊಡ್ಡದು ಹೊಲಿಸುವ ರೂಢಿ ನಮ್ಮಲ್ಲಿದೆ. ಬ್ಯಾಗಿಗೆ ಆ ರೂಢಿ ತರಬೇಡಿ. ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಬ್ಯಾಗಿನಲ್ಲಿ ಒಂದೆರಡು ಪುಸ್ತಕ ಹಾಕಿ ಹೆಗಲಿಗೇರಿಸಿ. ಬ್ಯಾಗಿನ ತಲೆ ಮಗುವಿನ ಹೆಗಲಿಗಿಂತ ಮೇಲೆ ಹೋಗಬಾರದು. ತಳ ಸೊಂಟದಿಂದ ನಾಲ್ಕು ಬೆರಳಿಗಿಂತ ಕೆಳಗೆ ಇಳಿಯಬಾರದು. ಕುಂಡಿಗೆ ಬಡಿಯುತ್ತಿದ್ದರೆ ಅದು ದೊಡ್ಡ ಬ್ಯಾಗೇ. ಭಾರ ಬೆನ್ನಿಗೆ ಅಂಟಿಕೊಂಡು ಇರಬೇಕು. ಜೋತುಬಿದ್ದರೆ ಮಗು ಮುಂದಕ್ಕೆ ಬಾಗಿ ನಡೆಯುತ್ತದೆ.

ಬೆಲ್ಟು ಎರಡು ಇಂಚಾದರೂ ಅಗಲ ಇರಲಿ, ಒಳಗೆ ಮೆತ್ತನೆಯ ಪದರ ಇರಲಿ. ಆ ಪದರ ಹೆಬ್ಬೆರಳಿನಿಂದ ಒತ್ತಿದರೆ ಚಪ್ಪಟೆಯಾಗಿ ಅಲ್ಲೇ ನಿಲ್ಲಬಾರದು, ಕೂಡಲೇ ಮೇಲೇಳಬೇಕು. ಎದೆಯ ಮೇಲೆ ಎರಡೂ ಬೆಲ್ಟನ್ನು ಸೇರಿಸುವ ಸಣ್ಣ ಪಟ್ಟಿ ಇದ್ದರೆ ಅಗಲ ಹೆಗಲಿಲ್ಲದ ಮಕ್ಕಳಿಗೆ ಬಹಳ ಅನುಕೂಲ, ಬೆಲ್ಟು ಜಾರುವುದಿಲ್ಲ. ಒಂದು, ಎರಡನೇ ತರಗತಿಗೆ ಹತ್ತರಿಂದ ಹದಿನೈದು ಲೀಟರಿನ ಬ್ಯಾಗ್ ಸಾಕು. ದೊಡ್ಡದು ಕೊಂಡರೆ ಅದು ತುಂಬಿಯೇ ತುಂಬುತ್ತದೆ. ನಿನ್ನೆಯ ಟೈಮ್‌ಟೇಬಲ್ಲಿನ ಪುಸ್ತಕ, ಆಟಿಗೆ, ಎಲ್ಲಿಂದಲೋ ಹೆಕ್ಕಿದ ಕಲ್ಲು, ಎಲ್ಲವೂ ಒಳಗೇ ಉಳಿಯುತ್ತವೆ.

ಮಳೆಗೆ ಏನು ಮಾಡುವುದು? "ವಾಟರ್‌ಪ್ರೂಫ್" ಎಂದು ಬರೆದ ಬ್ಯಾಗನ್ನು ಪೂರ್ತಿ ನಂಬಬೇಡಿ. ಬಟ್ಟೆಯ ಒಳಬದಿಯ ಲೇಪನ ನೀರು ತಡೆಯುತ್ತದೆ ನಿಜ, ಆದರೆ ಹೊಲಿಗೆಯ ತೂತಿನಿಂದ, ಚೈನಿನಿಂದ ನೀರು ಇಳಿಯುತ್ತದೆ. ಜೂನ್, ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ ದಿನವಿಡೀ ಹಿಡಿದರೆ, ಆಟೋದ ಹೊರಗೆ ತೂಗುವ ಬ್ಯಾಗಿಗೆ ಮೇಲುಹೊದಿಕೆ ಬೇಕೇ ಬೇಕು. ಹಳದಿ, ಕಿತ್ತಳೆ ಬಣ್ಣದ್ದು ತನ್ನಿ, ಮಬ್ಬಿನಲ್ಲಿ ಗಾಡಿಯವರಿಗೆ ಕಾಣಿಸುತ್ತದೆ. ಬ್ಯಾಗನ್ನು ವಾಷಿಂಗ್ ಮಷಿನ್ನಿಗೆ ಹಾಕಬೇಡಿ, ಸುಡುಬಿಸಿಲಿಗೂ ಹಾಕಬೇಡಿ. ಒಳಗಿನ ಲೇಪನ ಪುಡಿಪುಡಿಯಾಗಿ ಉದುರುತ್ತದೆ, ಪುಸ್ತಕಕ್ಕೆಲ್ಲ ಬಿಳಿ ಹೊಟ್ಟು ಮೆತ್ತುತ್ತದೆ. ಕೈಯಲ್ಲಿ ಸೋಪು ಹಚ್ಚಿ ತೊಳೆದು, ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ.

ಡಬ್ಬಿ: ಸ್ಟೀಲಾ, ಪ್ಲಾಸ್ಟಿಕ್ಕಾ, ಬಿಸಿ ಹಿಡಿಯುವುದಾ?

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಒಂದೇ ಪದರದ ಸ್ಟೀಲಿನ, ಅಗಲ ಬಾಯಿಯ, ಹೆಚ್ಚು ಆಳವಿಲ್ಲದ ಡಬ್ಬಿ. ಕಾರಣ ಒಂದೊಂದಾಗಿ ಹೇಳುತ್ತೇನೆ.

ನಮ್ಮ ಅಡುಗೆಯಲ್ಲಿ ಎಣ್ಣೆ, ಅರಿಶಿನ, ಹುಳಿ, ಕೆಂಪು ಖಾರ ನಾಲ್ಕೂ ಇವೆ. ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದೇ ಬಣ್ಣಕ್ಕೆ. ಆ ಬಣ್ಣ ಎಣ್ಣೆಯಲ್ಲಿ ಕರಗಿ ಪ್ಲಾಸ್ಟಿಕ್ಕಿಗೆ ಇಳಿದರೆ ಹೋಗುವುದೇ ಇಲ್ಲ. ಬದನೆಕಾಯಿ ಎಣ್ಣೆಗಾಯಿ ಎರಡು ದಿನ ಹಾಕಿದ ಪ್ಲಾಸ್ಟಿಕ್ ಡಬ್ಬಿ ವರ್ಷವಿಡೀ ಕಿತ್ತಳೆ ಬಣ್ಣದಲ್ಲೇ ಇರುತ್ತದೆ, ವಾಸನೆಯೂ ಅಷ್ಟೇ. ಸ್ಟೀಲಿಗೆ ಈ ತೊಂದರೆಯಿಲ್ಲ. ಬಿದ್ದರೆ ತಗ್ಗಾಗುತ್ತದೆ, ಒಡೆಯುವುದಿಲ್ಲ. ಬಿಸಿ ಹಾಕಿದರೂ ಚಿಂತೆಯಿಲ್ಲ.

ಸ್ಟೀಲಿನಲ್ಲಿಯೂ ಎರಡು ಬಗೆ ಮುಖ್ಯ. 304 ಎಂಬುದರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕಲ್ ಇರುತ್ತದೆ, ಅದಕ್ಕೇ ಕೆಲವದರ ಮೇಲೆ 18/8 ಎಂದು ಒತ್ತಿರುತ್ತಾರೆ. 202ರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ, ಬೆಲೆಯೂ ಕಡಿಮೆ. ಉಪ್ಪು-ಹುಳಿ ಬಹಳ ಹೊತ್ತು ನಿಂತರೆ 202ರಲ್ಲಿ ಚುಕ್ಕೆ ಬೀಳುವ ಸಂಭವ ಹೆಚ್ಚು. ಮೊಸರನ್ನ, ಚಿತ್ರಾನ್ನ ಹಾಕುವವರು 304 ಕೇಳಿ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಎನ್ನುತ್ತಾರಲ್ವಾ? ಅದು ಅರ್ಧ ಮಾತ್ರ ನಿಜ. ಗಟ್ಟಿಯಾಗಿ ಅಂಟಿದರೆ 304 ಅಲ್ಲ ಎನ್ನಬಹುದು. ಅಂಟದಿದ್ದರೆ 304 ಎನ್ನಲಾಗದು, 202 ಕೂಡ ಸಾಮಾನ್ಯವಾಗಿ ಅಂಟುವುದಿಲ್ಲ. ಸ್ಟೀಲ್ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿದೆ. ತಳದಲ್ಲಿ ಆ ಗುರುತು ಹುಡುಕಿ. ಆಮೇಲೆ ಅಂಚಿನ ಮೇಲೆ ಬೆರಳು ಆಡಿಸಿ. ಅಂಚು ಒಳಗೆ ಸುತ್ತಿರಬೇಕು, ಕೊಯ್ಯುವಂತಿರಬಾರದು.

ಹೊರಗೆ ಬಣ್ಣದ ಪ್ಲಾಸ್ಟಿಕ್, ಒಳಗೆ ಸ್ಟೀಲ್ ಇರುವ ಡಬ್ಬಿ ಈಗ ಎಲ್ಲ ಕಡೆ ಇದೆ. ನೋಡಲು ಚೆಂದ, ಕೈಗೆ ಬಿಸಿ ತಾಗುವುದಿಲ್ಲ. ಆದರೆ ಸ್ಟೀಲ್ ಬಟ್ಟಲು ಬಿಚ್ಚಿ ಬರದಿದ್ದರೆ ಕೊಳ್ಳಬೇಡಿ. ತೊಳೆಯುವಾಗ ಎರಡು ಪದರದ ನಡುವೆ ನೀರು ಸೇರುತ್ತದೆ. ಅಲ್ಲಾಡಿಸಿದರೆ ಗುಳುಗುಳು ಸದ್ದು ಬರುತ್ತದೆ, ನಾಲ್ಕು ದಿನಕ್ಕೆ ಮುಗ್ಗಲು ವಾಸನೆ. ಆ ನೀರು ಹೊರತೆಗೆಯುವ ದಾರಿಯೇ ಇಲ್ಲ. ಬಟ್ಟಲು ಬಿಚ್ಚಿ ಬರುವುದಾದರೆ ಧೈರ್ಯವಾಗಿ ಕೊಳ್ಳಿ.

ಪ್ಲಾಸ್ಟಿಕ್ಕೇ ಬೇಕೆಂದರೆ, ಹಗುರ ಎಂಬ ಕಾರಣಕ್ಕೆ ಬೇಕಾಗಬಹುದು, ತಳದ ತ್ರಿಕೋನದೊಳಗೆ 5 ಎಂದು ಇರಲಿ. ಅದು ಪಾಲಿಪ್ರೊಪಿಲೀನ್, ಊಟದ ಡಬ್ಬಿಗೆ ಬಳಸುವ ಬಗೆಯ ಪ್ಲಾಸ್ಟಿಕ್. ಏನೂ ಗುರುತಿಲ್ಲದ್ದು ಬೇಡ. ಕುದಿಯುವಷ್ಟು ಬಿಸಿ, ಎಣ್ಣೆ ಒಸರುವ ಪಲ್ಯ ಹಾಕಬೇಡಿ. ಹಣ್ಣು, ಒಗ್ಗರಣೆ ಚುರುಮುರಿ, ಅವಲಕ್ಕಿ, ಶೇಂಗಾ ಉಂಡೆಗೆ ಚೆನ್ನಾಗಿದೆ. ಸಣ್ಣ ಬಿಡುವಿನ ಡಬ್ಬಿ ಪ್ಲಾಸ್ಟಿಕ್ಕಿನದು, ಊಟದ ಡಬ್ಬಿ ಸ್ಟೀಲಿನದು ಎಂದು ಮಾಡಿಕೊಂಡ ಮನೆಗಳಿವೆ, ಅದು ಒಳ್ಳೆಯ ವ್ಯವಸ್ಥೆ. ಅಲ್ಯೂಮಿನಿಯಂ ಡಬ್ಬಿ ಹಗುರ ನಿಜ, ಹುಣಸೆಹುಳಿ, ಮೊಸರಿಗೆ ಮಾತ್ರ ಆಗದು.

ಬಿಸಿ ಹಿಡಿಯುವ ಡಬ್ಬಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಗು ಬಿಸಿ ಊಟ ಉಣ್ಣಲಿ ಎಂಬ ಆಸೆ ಯಾವ ತಾಯಿಗಿಲ್ಲ? ಆದರೆ ಊಟ ಕೆಡಿಸುವ ಸೂಕ್ಷ್ಮಜೀವಿಗಳು ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಬೆಳಿಗ್ಗೆ ಏಳೂವರೆಗೆ ಕಟ್ಟಿದ ಬುತ್ತಿ ಉಣ್ಣುವುದು ಒಂದು ಗಂಟೆಗೆ. ಉಗುರುಬೆಚ್ಚಗಿನ ಅನ್ನವನ್ನು ಬಿಸಿ ಹಿಡಿಯುವ ಡಬ್ಬಿಗೆ ಹಾಕಿದರೆ ಅದು ಅಷ್ಟೂ ಹೊತ್ತು ಉಗುರುಬೆಚ್ಚಗೇ ಇರುತ್ತದೆ, ಅಂದರೆ ಕೆಡಲು ಬೇಕಾದ ಬಿಸಿಯಲ್ಲೇ. ಸಾದಾ ಡಬ್ಬಿಗಿಂತ ಬೇಗ ಹಳಸಬಹುದು. ಈ ಡಬ್ಬಿ ಬಳಸುವುದಾದರೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಇಟ್ಟು ಚೆಲ್ಲಿ, ಆಮೇಲೆ ಹೊಗೆಯಾಡುವ ಅಡುಗೆ ತುಂಬಿ. ಇನ್ನೊಂದು ತೊಂದರೆ: ಒಳಗಿನ ಹಬೆ ತಣಿದಾಗ ಮುಚ್ಚಳ ಒಳಕ್ಕೆ ಎಳೆದುಕೊಂಡು ಬಿಗಿಯಾಗುತ್ತದೆ. ನನ್ನ ಮೇಜಿಗೆ ಬರುವ ಡಬ್ಬಿಗಳಲ್ಲಿ ಇಂಥವೇ ಹೆಚ್ಚು. ತೂಕವೂ ಜಾಸ್ತಿ. ನಾಲ್ಕನೇ ತರಗತಿ ದಾಟುವವರೆಗೆ ಇದು ಬೇಡ ಎಂಬುದು ನನ್ನ ಅಭಿಪ್ರಾಯ.

ಆಕಾರ, ಲಾಕು, ರಬ್ಬರು

ನಮ್ಮ ಕಡೆ ಬುತ್ತಿ ಎಂದರೆ ಚಪಾತಿ ಇಲ್ಲವೇ ರೊಟ್ಟಿ. ಆಳವಾದ ಸಣ್ಣ ಬಾಯಿಯ ಡಬ್ಬಿಯಲ್ಲಿ ಅದನ್ನು ನಾಲ್ಕು ಮಡಿಕೆ ಮಾಡಿ ತುರುಕಬೇಕು. ಅಗಲ ಡಬ್ಬಿಯಾದರೆ ಚಪಾತಿ ಒಂದೇ ಮಡಿಕೆಯಲ್ಲಿ ಕೂರುತ್ತದೆ, ಸಣ್ಣ ಕೈ ಸುಲಭವಾಗಿ ಒಳಗೆ ಹೋಗುತ್ತದೆ. ಬಿಸಿ ಚಪಾತಿ ಹಾಕಿ ಕೂಡಲೇ ಮುಚ್ಚಿದರೆ ಬೆವರಿ ಒದ್ದೆಯಾಗುತ್ತದೆ. ಎರಡು ನಿಮಿಷ ಆರಿಸಿ, ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಖಾನೆಗಳಿರುವ ಡಬ್ಬಿಯಲ್ಲಿ ನಡುವಿನ ಗೋಡೆ ಮುಚ್ಚಳಕ್ಕೆ ತಾಗುತ್ತದಾ ನೋಡಿ. ತಾಗದಿದ್ದರೆ ಮೊಸರು ಪಲ್ಯಕ್ಕೆ, ಪಲ್ಯ ಚಪಾತಿಗೆ ಹರಿಯುತ್ತದೆ. ಅದಕ್ಕಿಂತ ಒಳಗೆ ಒಂದು ಸಣ್ಣ ಮುಚ್ಚಳದ ಬಟ್ಟಲು ಇಡುವುದೇ ಮೇಲು. ಸೋರುವ ಚಿಂತೆಯೇ ಬೇಡ ಎಂದರೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗೆ ತುಪ್ಪ ಕಲಸಿ ಚಪಾತಿಗೆ ಸವರಿ ಸುತ್ತಿ ಕೊಡಿ. ಬಿಸಿಲಲ್ಲಿ ಹಸಿಕೊಬ್ಬರಿ ಚಟ್ನಿಯ ಹಾಗೆ ಕೆಡುವುದೂ ಇಲ್ಲ.

ಲಾಕುಗಳಲ್ಲಿ ಮೂರು ಬಗೆ. ತಿರುಪಿನ ಮುಚ್ಚಳ ಸೋರುವುದಿಲ್ಲ, ಆದರೆ ಹಲ್ಲು ಸರಿಯಾಗಿ ಕೂರಿಸಲು ಐದಾರು ವರ್ಷದ ಕೈಗೆ ಬರುವುದಿಲ್ಲ. ಅಡ್ಡಡ್ಡ ಕೂರಿಸಿ ಚೀಲಕ್ಕೆ ಹಾಕುತ್ತಾರೆ. ನಾಲ್ಕೂ ಬದಿ ಪ್ಲಾಸ್ಟಿಕ್ ಲಾಕ್ ಇರುವುದು ತೆಗೆಯಲು ಸುಲಭ, ಆದರೆ ಆ ಲಾಕಿನ ಮಡಿಕೆಯ ಜಾಗ ವರ್ಷದೊಳಗೆ ಬಿರುಕು ಬಿಡಬಹುದು, ಒಂದು ಮುರಿದರೆ ಇಡೀ ಮುಚ್ಚಳ ಕೆಲಸಕ್ಕೆ ಬಾರದು. ಎರಡು ಬದಿ ಸ್ಟೀಲ್ ಕ್ಲಿಪ್ ಇರುವುದು ನನಗೆ ಎಲ್ಲಕ್ಕಿಂತ ಮೆಚ್ಚುಗೆ. ಸಡಿಲವಾದರೆ ಇಕ್ಕಳದಿಂದ ಸ್ವಲ್ಪ ಬಗ್ಗಿಸಿ ಬಿಗಿ ಮಾಡಬಹುದು. ಹೊಸದರಲ್ಲಿ ಮಾತ್ರ ಕೆಲವು ಬಹಳ ಬಿಗಿ. ಮಗುವಿನ ಕೈಯಲ್ಲೇ ಅಂಗಡಿಯಲ್ಲಿ ತೆಗೆಸಿ, ಮುಚ್ಚಿಸಿ. ತೆಗೆಯಲು ಬಂದು ಮುಚ್ಚಲು ಬರದಿದ್ದರೂ ಬೇಡ, ಉಳಿದ ಪಲ್ಯದ ಎಣ್ಣೆ ಸಂಜೆ ನೋಟ್‌ಬುಕ್ಕಿನಲ್ಲಿ ಇರುತ್ತದೆ.

ಮುಚ್ಚಳದ ರಬ್ಬರ್ ರಿಂಗು ಬಿಚ್ಚಿ ಬರಬೇಕು. ಅದರ ಸಂದಿಯಲ್ಲೇ ಕಪ್ಪು ಬೂಷ್ಟು ಹಿಡಿಯುವುದು. ವಾರಕ್ಕೆ ಎರಡು ಸಲವಾದರೂ ಬಿಚ್ಚಿ ತೊಳೆದು ಒಣಗಿಸಿ. "ರಿಂಗ್ ಬೇರೆ ಸಿಗುತ್ತದಾ?" ಎಂದು ಕೊಳ್ಳುವಾಗಲೇ ಕೇಳಿ. ಸಿಗುವುದಾದರೆ ಡಬ್ಬಿ ಹತ್ತು ವರ್ಷ ಬರುತ್ತದೆ, ತಂಗಿಗೂ ಆಗುತ್ತದೆ. ಸೋರುತ್ತದಾ ಎಂದು ನೋಡಲು ಅಂಗಡಿಯವರ ಹತ್ತಿರ ಒಂದು ಲೋಟ ನೀರು ಕೇಳಿ, ಡಬ್ಬಿಗೆ ಹಾಕಿ, ಮಗುವಿನ ಕೈಯಲ್ಲಿ ಮುಚ್ಚಿಸಿ, ತಲೆಕೆಳಗೆ ಹಿಡಿಯಿರಿ. ಪೇಟೆಯ ಪಾತ್ರೆ ಅಂಗಡಿಯವರು ಇದಕ್ಕೆ ಬೇಜಾರಾಗುವುದಿಲ್ಲ. ಆನ್‌ಲೈನಿನಲ್ಲಿ ಈ ಅನುಕೂಲವಿಲ್ಲ, ಡಬ್ಬಿಯನ್ನು ಪೇಟೆಯಲ್ಲೇ ಕೊಳ್ಳಿ ಎನ್ನುವುದಕ್ಕೆ ಇದೇ ಕಾರಣ.

ಬುತ್ತಿಗೆ ಬೇರೆ ಸಣ್ಣ ಚೀಲ ಇರಲಿ. ಪುಸ್ತಕ ಎಣ್ಣೆಯಿಂದ ಉಳಿಯುತ್ತದೆ, ಬೆನ್ನಿನ ಭಾರವೂ ಇಳಿಯುತ್ತದೆ. ದಪ್ಪ ಪದರದ ಹೊಳೆಯುವ ಚೀಲಕ್ಕಿಂತ ದಿನಾ ತೊಳೆದು ಹಿಂಡಬಹುದಾದ ಬಟ್ಟೆಯ ಚೀಲ ಒಳ್ಳೆಯದು.

ಕೊನೆಯದಾಗಿ, ಸ್ಟೀಲ್ ಡಬ್ಬಿ ಕೊಂಡ ಅಂಗಡಿಯಲ್ಲೇ ಹೆಸರು ಹಾಕಿಸಿಕೊಳ್ಳಿ. ಒಂದೇ ಕ್ಲಾಸಿನಲ್ಲಿ ಒಂದೇ ತರಹದ ಡಬ್ಬಿ ನಾಲ್ಕೈದು ಇರುತ್ತವೆ. ತಳಕ್ಕೆ ಮಾತ್ರ ಹಾಕಿಸಿ ಬಿಡಬೇಡಿ, ಮುಚ್ಚಳಕ್ಕೂ ಹಾಕಿಸಿ. ಅದಲುಬದಲಾಗುವುದು ಮುಚ್ಚಳಗಳೇ.